ಕೆಳಗೆ ಬಾಲವಿರುವ ಅಕ್ಷರಗಳು

ಯಜಮಾನರು ತೀರಿಕೊಂಡ ಮೇಲೆ ನಾನು ಶಿಶುವಿಹಾರಕ್ಕೆ ಆಯಾ ಆಗಿ ಸೇರಿದೆ. ಕಸ ಗುಡಿಸುವುದು, ಮೂಗು ಒರೆಸುವುದು, ಮಧ್ಯಾಹ್ನ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೇ ಮನೆಯವರ ಕೈಗೆ ಒಪ್ಪಿಸುವುದು ನನ್ನ ಕೆಲಸ. ಉಳಿದ ಹೊತ್ತು ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದೆ. ಹಾಗೆ ಕೂತೇ ಮಕ್ಕಳ ಜೊತೆ ಅ ಆ ಇ ಈ ಕಲಿತೆ. ಕಾಗುಣಿತ, ಅಂಕಿ ಬರೆಯುವುದು, ವೃತ್ತ, ಚೌಕ, ಒದ್ದೆ ಹತ್ತಿಯಲ್ಲಿ ಕಾಳು ಮೊಳೆಸುವುದು, ಎಲ್ಲ ಬಂತು. ಅಷ್ಟಕ್ಕೆ ವರ್ಷ ಮುಗಿಯುತ್ತಿತ್ತು. ಮಕ್ಕಳು ದೊಡ್ಡ ಶಾಲೆಗೆ ಹೋಗುತ್ತಿದ್ದರು, ನಾನು ಮತ್ತೆ ಅ ಆ ಇಂದ ಶುರು. ಹನ್ನೊಂದು ವರ್ಷ ಒಂದೇ ಕ್ಲಾಸಿನಲ್ಲಿ ಕೂತೆ. ಒತ್ತಕ್ಷರ ದೊಡ್ಡ ಶಾಲೆಯ ಪಾಠ, ನನ್ನ ಪಾಲಿಗೆ ಬರಲೇ ಇಲ್ಲ.

ಒಂದು ದಿನ ಟೀಚರಿಗೆ ಜ್ವರ. "ನಿಮಗೆ ಎಲ್ಲ ಬಾಯಿಪಾಠ ಅಲ್ವಾ ಅಜ್ಜಿ, ಇವತ್ತೊಂದಿನ ಸುಧಾರಿಸಿ" ಎಂದು ಹೇಳಿ ಕಳಿಸಿದರು. ಸುಧಾರಿಸಿದೆ. ಹಾಡು ಹೇಳಿಸಿದೆ, ಮಕ್ಕಳ ಕೈಲಿ ಬಣ್ಣ ಗುರುತಿಸಿದೆ. ಟೀಚರ ಹಾಗೆಯೇ ಒಂದೊಂದು ವಾಕ್ಯ ಹೇಳಿ, ಪದಕ್ಕೊಂದು ಬೆರಳು ಎತ್ತಿಸಿ, ಎಷ್ಟು ಪದ ಎಂದು ಎಣಿಸಿದೆ.

ಮಧ್ಯಾಹ್ನ ಎಲ್ಲರೂ ಹೋದರು, ಪುಟ್ಟಿ ಉಳಿದಳು. ದಿನಾ ಬರುವ ಅವಳ ಅಮ್ಮ ಬರಲಿಲ್ಲ. ಚೀಲ ತೆಗೆದು ನೋಡಿದರೆ ಡೈರಿಗೆ ಪಿನ್ನು ಚುಚ್ಚಿದ ಚೀಟಿ. ಕೊನೆಯಲ್ಲಿ 'ಬೇಡಿ' ಎಂದಿತ್ತು. ಮೊದಲಲ್ಲಿ ಚಿ, ಕ, ಪ. ಮಿಕ್ಕ ಪದಗಳಿಗೆಲ್ಲ ಒತ್ತು. ಏನೋ ಮಾಡಬೇಡಿ ಎಂದಿದೆ, ಏನು ಮಾಡಬಾರದೋ ತಿಳಿಯಲಿಲ್ಲ.

"ಇದೇನೇ ಪುಟ್ಟಿ?"

"ಕೆಳಗೆ ಬಾಲ ಇರೋದನ್ನ ಮಿಸ್ ಹೇಳ್ಕೊಟ್ಟೇ ಇಲ್ಲ ಅಜ್ಜಿ."

ಶಾಲೆಯ ಫೋನು ಟೀಚರ ಮನೆಯಲ್ಲಿತ್ತು. ಅಷ್ಟರಲ್ಲಿ ಗೇಟು ಸದ್ದಾಯಿತು. ಪುಟ್ಟಿಯ ಅಪ್ಪ. ಗಂಡ ಹೆಂಡತಿ ಬೇರೆಯಾಗಿ ಆರು ತಿಂಗಳಾಗಿತ್ತು, ಅಷ್ಟು ಮಾತ್ರ ನನ್ನ ಕಿವಿಗೆ ಬಿದ್ದಿತ್ತು.

"ಬೀಗ ತೆಗೀರಿ ಅಜ್ಜಿ, ಬಸ್ಸಿಗೆ ಹೊತ್ತಾಯ್ತು. ಊರಿಗೆ ಕರ್ಕೊಂಡು ಹೋಗ್ಬೇಕು."

ನಾನೇನು ಮಾಡಲಿ? ಚೀಟಿಯನ್ನು ಕೈಬಿಡದೆ ಕಂಬಿಯ ಸಂದಿಯಲ್ಲಿ ಹಿಡಿದೆ. "ಸ್ವಲ್ಪ ಓದಪ್ಪ."

ಒಂದು ಗಳಿಗೆ ನೋಡಿದ. "ಚಿಕ್ಕಪ್ಪನಿಗೆ ಪುಟ್ಟಿಯನ್ನು ಒಪ್ಪಿಸಬೇಡಿ. ಅಷ್ಟೇ. ನಾನೇನು ಚಿಕ್ಕಪ್ಪನಾ? ಹೆತ್ತಪ್ಪ. ತೆಗೀರಿ."

ಬೀಗಕ್ಕೆ ಕೈ ಹಾಕಿದೆ. ಬೆಳಗ್ಗೆಯಿಂದ ಎಣಿಸಿದ ಅಭ್ಯಾಸಕ್ಕೋ ಏನೋ, ಅವನು ಓದುವಾಗ ನನ್ನ ಮೂರು ಬೆರಳು ಎದ್ದಿದ್ದವು. ಚೀಟಿ ನೋಡಿದೆ. ಬಿಡಿಬಿಡಿಯಾಗಿ ಐದು ಪದ. ಮತ್ತೆ ಎಣಿಸಿದೆ. ಐದೇ.

ಎರಡು ಪದ ಅವನು ನುಂಗಿದ್ದ.

"ಬೀಗದ ಕೈ ಒಳಗಿದೆ, ತರ್ತೀನಿ" ಎಂದು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಪುಟ್ಟಿಯನ್ನು ಎಳೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿದೆ.

"ಏ ಮುದುಕಿ! ನನ್ನ ಮಗೂನ ಕದೀತೀಯಾ?" ಗೇಟು ಒದೆಯುತ್ತಿದ್ದ. ಗೇಟು ನನ್ನ ಎದೆಯೆತ್ತರ, ಮನಸ್ಸು ಮಾಡಿದರೆ ಹತ್ತಿ ಬಂದಾನು. ಒಂದು ವೇಳೆ ನನ್ನ ಎಣಿಕೆಯೇ ತಪ್ಪಿದ್ದರೆ, ಹೆತ್ತಪ್ಪನನ್ನು ಬೀದಿಯಲ್ಲಿ ನಿಲ್ಲಿಸಿದವಳಾಗುತ್ತೇನೆ.

"ಅಪ್ಪ ಯಾಕೆ ಕೂಗ್ತಾನೆ?" ಎಂದಳು ಪುಟ್ಟಿ. ಅವಳ ಬಾಯಿ ಮುಚ್ಚಿದೆ. ಬೀದಿಯಲ್ಲಿ ಯಾರೋ ಅವನನ್ನು ಗದರಿದರು. ಆಮೇಲೆ ಸದ್ದೇ ಇಲ್ಲ. ಅದು ಇನ್ನೂ ಹೆದರಿಕೆ.

ಬಹಳ ಹೊತ್ತಿನ ಮೇಲೆ ಬೇರೆ ದನಿ. "ಅಜ್ಜೀ, ನಾನು ಪುಟ್ಟಿ ಚಿಕ್ಕಪ್ಪ. ಅತ್ತಿಗೆ ಕಳಿಸಿದ್ರು, ದಾರೀಲಿ ಗಾಡಿ ಪಂಕ್ಚರ್ ಆಯ್ತು. ಅಣ್ಣ ಏನಾದ್ರೂ ಬಂದಿದ್ನಾ?"

ಒಬ್ಬಳೇ ಗೇಟಿಗೆ ಹೋಗಿ ಚೀಟಿ ಹಿಡಿದೆ. "ಓದು."

"ಚಿಕ್ಕಪ್ಪನನ್ನು ಬಿಟ್ಟು ಮತ್ತೊಬ್ಬರಿಗೆ ಪುಟ್ಟಿಯನ್ನು ಒಪ್ಪಿಸಬೇಡಿ."

"ಇನ್ನೊಂದ್ಸಲ. ನಿಧಾನಕ್ಕೆ."

"ಇದೇನಜ್ಜಿ, ಪರೀಕ್ಷೆನಾ?"

"ಹೂಂ. ಓದು."

ಓದಿದ. ಐದೂ ಬೆರಳು ಎದ್ದವು. ಬೀಗ ತೆಗೆಯಲು ಹೋದೆ, ಆತುರಕ್ಕೆ ಬೀಗದ ತೂತೇ ಸಿಗಲಿಲ್ಲ. ಅವನೇ ಕಂಬಿಯೊಳಗೆ ಕೈ ತೂರಿಸಿ, ನನ್ನ ಕೈ ಹಿಡಿದು ತಿರುಗಿಸಿದ.