ಮುನಿಯಮ್ಮನ ಕೋಳಿ ಮತ್ತು ನನ್ನ ಎರಡು ಸಾಗರಗಳು

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಕುಳಿತೇ ನಾನು ಎರಡು ಸಾಗರಗಳನ್ನು ದಾಟಿದವನು. ಈಜು ಬಾರದು, ತುಂಗೆಯಲ್ಲಿ ನೀರು ಮೊಣಕಾಲು ಮುಟ್ಟಿದರೆ ಮೆಟ್ಟಿಲಿಗೆ ವಾಪಸ್. ಆದರೂ ಸಾಮ್ರಾಜ್ಯಗಳು ಹಡಗಿಗೆ ತುಂಬಿ ಸಾಗಿಸಿದ ಕೂಲಿಗಳ ಹಾಡುಗಳನ್ನು ಹೋಲಿಸುವುದು ನನ್ನ ಕಸುಬು. ತೌಲನಿಕ ಸಾಹಿತ್ಯದ ಮೇಷ್ಟ್ರಿಗೆ ಒಂದು ಚಟವಿರುತ್ತದೆ, ನಿಮ್ಮಲ್ಲಿ ಮುಚ್ಚಿಡುವುದೇನು? ಎರಡು ಹಾಡು ಸಿಕ್ಕರೆ ಸಾಕು, ಎರಡಕ್ಕೂ ಒಂದೇ ದುಃಖ ಅಂಟಿಸಿಬಿಡುತ್ತಾನೆ.

ಭದ್ರಾವತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯ ತಾಯಿ ಸೆಲ್ವಮ್ಮ ಇದ್ದಾರೆ. ಅವರ ಅಜ್ಜಿ ಮುನಿಯಮ್ಮ ಬ್ರಿಟಿಷರ ಕಾಲದಲ್ಲಿ ಮಲಯಾದ, ಎಂದರೆ ಈಗಿನ ಮಲೇಷ್ಯಾದ, ರಬ್ಬರ್ ತೋಟದಲ್ಲಿ ಕೂಲಿಯಾಗಿದ್ದವಳು. ಅಜ್ಜಿಯ ತಮಿಳು ಹಾಡೊಂದನ್ನು ಸೆಲ್ವಮ್ಮ ನನಗೆ ಹಾಡಿ ತೋರಿಸಿದರು. ನನ್ನ ತಮಿಳು ಬಸ್‌ಸ್ಟ್ಯಾಂಡಿನ ಮಟ್ಟದ್ದು. ಯಾರದೋ ಕೋಳಿ ಕಳೆದುಹೋಗಿದೆ ಎಂಬಷ್ಟು ತಿಳಿಯಿತು. ಉಳಿದದ್ದನ್ನು ಕೇಳಬೇಕಿತ್ತು, ಕೇಳಲಿಲ್ಲ. ಬಸ್ಸು ಶಿವಮೊಗ್ಗ ತಲುಪುವಷ್ಟರಲ್ಲಿ ಕೋಳಿಯೆಂದರೆ ಕಳೆದುಹೋದ ತಾಯ್ನಾಡು ಎಂದು ತೀರ್ಮಾನಿಸಿದ್ದೆ. ಜೋಡಿಗೆ ಅಟ್ಲಾಂಟಿಕ್ ಆಚೆಯ ಕಬ್ಬಿನ ತೋಟದ ಹಾಡೊಂದು ಕಪಾಟಿನಲ್ಲೇ ಇತ್ತು.

ವಿಚಾರ ಸಂಕಿರಣಕ್ಕೆ ಸೆಲ್ವಮ್ಮನವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಮುನಿಯಮ್ಮನ ಕಣ್ಣೀರು ಎರಡು ಸಾಗರಗಳನ್ನು ಕೂಡಿಸಿತು ಎಂದು ಓದಿದಾಗ ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಊಟದ ಸಾಲಿನಲ್ಲಿ ಸೆಲ್ವಮ್ಮ ಮೆಲ್ಲಗೆ ಪಕ್ಕಕ್ಕೆ ಬಂದರು.

"ತಪ್ಪು ತಿಳ್ಕೋಬೇಡಿ ಸಾರ್. ಅಜ್ಜಿಗೆ ವಾಪಸ್ ಬರೋಕೆ ಇಷ್ಟಾನೇ ಇರ್ಲಿಲ್ಲ. ಅಲ್ಲಿ ಕೆಲ್ಸ ಕಷ್ಟಾನೇ, ಆದ್ರೆ ಇಲ್ಲಿ ಅತ್ತೆ ಇದ್ಲು. ಆ ಕೋಳಿ ನಿಜವಾದ ಕೋಳಿನೇ. ಪಕ್ಕದ್ಮನೆಯೋಳು ಕದ್ದು ಸಾರು ಮಾಡಿದ್ಲಂತೆ. ಅವ್ಳನ್ನ ಬೈಯೋ ಹಾಡು ಅದು."

ಮಧ್ಯಾಹ್ನದ ಗೋಷ್ಠಿಯಲ್ಲಿ ಎದ್ದುನಿಂತು ತಪ್ಪು ಒಪ್ಪಿಕೊಳ್ಳಬಹುದಿತ್ತು. ಹೆಗಲ ಮೇಲೆ ಶಾಲಿತ್ತು, ಅದನ್ನೇ ಸರಿಪಡಿಸಿಕೊಂಡು ಕುಳಿತೆ. ಪ್ರಬಂಧ ಸಂಶೋಧನಾ ಪತ್ರಿಕೆಯೊಂದರಲ್ಲಿ ಹಾಗೆಯೇ ಅಚ್ಚಾಯಿತು. ಸಾಮ್ರಾಜ್ಯ ಆ ಹೆಂಗಸಿನ ದುಡಿಮೆಯನ್ನಷ್ಟೇ ತೆಗೆದುಕೊಂಡಿತ್ತು. ನಾನು ಅವಳ ಜಗಳವನ್ನೂ ಕಿತ್ತುಕೊಂಡು, ಅವಳು ಅಳದ ಅಳುವನ್ನು ಅವಳಿಗೆ ಹೊರಿಸಿದೆ.

ಕಳೆದ ಭಾನುವಾರ ಪತ್ರಿಕೆಯನ್ನೂ ಕೆಂಪು ಪೆನ್ನನ್ನೂ ಹಿಡಿದು ಭದ್ರಾವತಿಗೆ ಹೋದೆ. ತಪ್ಪುಗಳನ್ನು ನೀವೇ ತೋರಿಸಿ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಸೆಲ್ವಮ್ಮ ಕನ್ನಡಕ ಏರಿಸಿ ಪುಟಗಳನ್ನು ಹುಡುಕಿ ಅಜ್ಜಿಯ ಹೆಸರಿನ ಮೇಲೆ ಬೆರಳಿಟ್ಟರು.

"ಅಜ್ಜಿ ಹೆಸ್ರು ಇದುವರ್ಗೂ ಎಲ್ಲೂ ಅಚ್ಚಾಗಿರ್ಲಿಲ್ಲ ಸಾರ್. ಇದೊಂದು ಇರ್ಲಿ. ಮಿಕ್ಕಿದ್ದೆಲ್ಲ ಹೊಡ್ದಾಕಿ."

ಗೆರೆ ಹೊಡೆಯುತ್ತಾ ಹೋದೆ. ಹದಿನಾಲ್ಕು ಪುಟಗಳಲ್ಲಿ ನಿಜವೆಂದು ಉಳಿದದ್ದು ಆ ಹೆಸರೊಂದೇ. ಅದೂ ನಾನು ಬರೆದದ್ದಲ್ಲ, ಅವಳಪ್ಪ ಇಟ್ಟದ್ದು.