ಹದಿನಾಲ್ಕನೆಯ ಸೀನು

ಗೆಳೆಯರೇ, ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಯ ಹಳೇ ಕಂಪ್ಯೂಟರಿಗೆ ಇಂದು ನಾಲ್ಕು ಪಟ್ಟು ದೊಡ್ಡ ಹಾರ್ಡ್ ಡಿಸ್ಕ್ ಬಂತು! ಹಳೆಯದು ಎರಡು ದಿನದಿಂದ ಕಟಕಟ ಅನ್ನುತ್ತಿತ್ತು. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೊಗಳೆಲ್ಲ ಅದರಲ್ಲೇ ಇವೆ, ಬೇರೆಲ್ಲೂ ಇಲ್ಲ. ಅದು ಸಾಯುವ ಮೊದಲು ಎಲ್ಲವನ್ನೂ ಹೊಸದಕ್ಕೆ ಇಳಿಸಬೇಕಿತ್ತು.

ರಾಣೆಬೆನ್ನೂರಿನಿಂದ ಬಂದ ರಿಪೇರಿಯ ಇಸ್ಮಾಯಿಲ್ ಭಾಯಿ ಸಿಪಿಯು ಬಿಚ್ಚಿ ಬ್ಲೋವರ್ ಹಿಡಿದರು. ಒಳಗಿಂದ ಹನ್ನೆರಡು ವರ್ಷದ ಮೆಣಸಿನಕಾಯಿ ಧೂಳು ಎದ್ದಿತು. ಭಾಯಿ ಒಮ್ಮೆ ಸೀನಿದರು.

ಗಾದಿಯ ಮೇಲಿದ್ದ ನಮ್ಮ ಕಾಕಾ ಕೂಗಿದರು: “ಒಂಟಿ ಸೀನು! ಕೈ ತೆಗೀರಿ ಭಾಯಿ, ಕೆಲಸ ಕೆಡತೈತಿ.”

“ಶಕುನ ಅಲ್ರಿ ಕಾಕಾ, ಇದು ನಿಮ್ಮ ಮಾಲಿನ ಪ್ರತಾಪ!” ಎಂದ ಭಾಯಿ ಮತ್ತೆ ಸೀನಿದರು. ಕಾಕಾ ಸೀನಿದರು. ಹಮಾಲರು, ಗಿರಾಕಿಗಳು ಎಲ್ಲರೂ ಸೀನಿದರು. ನಾನು ಎಣಿಸುತ್ತಿದ್ದೆ. ಧೂಳು ಕೂತಾಗ ಒಟ್ಟು ಹದಿಮೂರು.

“ಒಂಟಿ ಉಳೀತಲ್ಲೋ ತಮ್ಮಾ! ನಾಳೆ ನೋಡೋಣು,” ಎಂದರು ಕಾಕಾ.

“ನಾಳೀತನಕ ಈ ಡಿಸ್ಕ್ ಉಳಿಯಂಗಿಲ್ರಿ,” ಎಂದರು ಭಾಯಿ.

ನಾನು ಮುಖ ಗೋಡೆಗೆ ತಿರುಗಿಸಿ ಜೋರಾಗಿ ಸುಳ್ಳೇ ಸೀನಿದೆ.

“ಹದಿನಾಲ್ಕು! ಜೋಡಿ ಆತು, ಹಚ್ಚರಿ ಭಾಯಿ ಲಗೂ!” ಎಂದರು ಕಾಕಾ.

ಒಂದೂ ಬಿಡದೆ ಫೋಟೊಗಳೆಲ್ಲ ಬಂದವು! ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಮಾಡಿದ ಕಲಬೆರಕೆ ಅದೊಂದು ಸೀನು ಮಾತ್ರ.