ಸುತ್ತುದಾರಿಯಲ್ಲಿ ರಘುವಿನ ಗಾಡಿ

ಟೆಂಪೋದಲ್ಲಿ ಹೇರಿಕೊಂಡು ಹೋಗಬೇಕಾಗಿದ್ದ ಮೋಟಾರ್ ಸೈಕಲ್ಲನ್ನು ಓಡಿಸಿಕೊಂಡು ಹೋದವನ ಕಥೆ ಇದು. ಓಡಿಸಿದವನು ನಾನೇ. ಡೊಂಬಿವಲಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಹೋಟೆಲು ನಡೆಸುತ್ತಿದ್ದೇನೆ. ಹೇಳಿದ ಮಾತು ಕೇಳದವರನ್ನು ಬೈಯುವುದು ನನ್ನ ದಿನನಿತ್ಯದ ಕೆಲಸ. ಆ ಶನಿವಾರ ನನ್ನನ್ನು ಬೈಯಲು ಯಾರೂ ಇರಲಿಲ್ಲ.

ಬೆಳಿಗ್ಗೆ ಏಳಕ್ಕೆ ಡೊಂಬಿವಲಿಯಲ್ಲಿ ಬದಲಾಪುರದ ಲೋಕಲ್ ಹತ್ತಿದೆ. ಟಿಕೆಟ್ಟು ಹತ್ತು ರೂಪಾಯಿ. ಎದುರಿನಿಂದ ಬರುವ ಗಾಡಿಗಳ ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ನಾನು ಹೋಗುವುದು ಉಲ್ಟಾ ದಿಕ್ಕಿಗೆ, ಆದ್ದರಿಂದ ಕಿಟಕಿಯ ಸೀಟೇ ಸಿಕ್ಕಿತು. ಚೌತಿ ಕಳೆದು ವಾರವಾಗಿದ್ದರೂ ಮಳೆ ಬಿಟ್ಟಿರಲಿಲ್ಲ. ಹಳಿಯ ಪಕ್ಕದ ಚರಂಡಿಗಳು ತುಂಬಿ, ನೀಲಿ ಪ್ಲಾಸ್ಟಿಕ್ ಹೊದ್ದ ಮನೆಗಳು ಒಂದರ ಹಿಂದೊಂದು ಹಿಂದೆ ಸರಿಯುತ್ತಿದ್ದವು. ಈ ದಾರಿಯಲ್ಲಿ ನಾನು ಹೋಗುತ್ತಿದ್ದದ್ದು ರಘುವಿನ ಮನೆಗೆ ಮಾತ್ರ. ಈಗ ರಘು ಇಲ್ಲ.

ರಘುರಾಮ ನಮ್ಮ ಉಡುಪಿ ಕಡೆಯವನೇ. ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ, ಬದಲಾಪುರದಲ್ಲಿ ಮನೆ. ಇಪ್ಪತ್ತು ವರ್ಷ ನಾವು ಭಾನುವಾರಗಳಂದು ಒಟ್ಟಿಗೆ ಗಾಡಿ ಓಡಿಸಿದೆವು. ಶ್ರಾವಣದ ಒಂದು ಬೆಳಿಗ್ಗೆ ಹೆಗಲ ಮೇಲೆ ಬೈರಾಸು ಹಾಕಿಕೊಂಡು ಬಚ್ಚಲಿಗೆ ಹೊರಟವನು ಬಾಗಿಲ ಬಳಿಯೇ ಕುಸಿದ. ಐವತ್ತಾರು ವರ್ಷ.

ಅವನ ಗಾಡಿ ನೋಡಿದವರಿಗೆ ಅವನ ಸ್ವಭಾವ ಗೊತ್ತಾಗುತ್ತಿತ್ತು. ಹ್ಯಾಂಡಲಿನ ಮೇಲೆ ಫೋನು ಕೂರಿಸುವ ಹಿಡಿಕೆ, ಅದರಡಿಗೆ ರಬ್ಬರು, ಕಂಪನಕ್ಕೆ ಫೋನಿನ ಕ್ಯಾಮೆರಾ ಕೆಡಬಾರದೆಂದು. ಚಾರ್ಜರಿಗೆ ಮಳೆ ಮುಚ್ಚಳ. ಮುಂದೊಂದು ಹಿಂದೊಂದು ರಸ್ತೆ ಚಿತ್ರಿಸುವ ಕ್ಯಾಮೆರಾ, ಟ್ಯಾಂಕಿನ ಬಳಿ ಸ್ಪಂಜು ಸುತ್ತಿದ ಮೈಕು. ಸೀಟಿನ ಕೆಳಗೆ ಫ್ಯೂಸಿನ ಪೆಟ್ಟಿಗೆ. ಪ್ರತಿ ವೈರಿಗೂ ಬಿಳಿ ಪಟ್ಟಿ ಅಂಟಿಸಿ ಕನ್ನಡದಲ್ಲಿ ಹೆಸರು: ಫೋನು, ದೀಪ, ಕಣ್ಣು. ಕಣ್ಣೆಂದರೆ ಕ್ಯಾಮೆರಾ. “ಕನ್ನಡದಲ್ಲಿ ಬರೆದ್ರೆ ಇಲ್ಲಿನ ಮೆಕ್ಯಾನಿಕರು ಕೈ ಹಾಕುದಿಲ್ಲ ಮಾರಾಯ” ಎನ್ನುತ್ತಿದ್ದ. ಒಂದೇ ಒಂದು ನಿಯಮ ಅವನದ್ದು. ಕೀಲಿ ತಿರುಗಿಸಿದರೆ ಎಲ್ಲಕ್ಕೂ ಕರೆಂಟು ಬರಬೇಕು, ಕೀಲಿ ತೆಗೆದರೆ ಎಲ್ಲ ಆರಬೇಕು. ಹಾಗಿದ್ದರೆ ಮಾತ್ರ ಬ್ಯಾಟರಿ ಬಾಳುತ್ತದಂತೆ.

ಆ ಕ್ಯಾಮೆರಾದೊಳಗಿನ ಒಂದು ಗಂಟೆ ಅವನ ಮಗಳು ನಿಶಾಗೆ ಬೇಕಾಗಿತ್ತು. ಅವಳು ನಾಗಪುರದ ಹುಡುಗನೊಬ್ಬನನ್ನು ಮೆಚ್ಚಿ ಮನೆಯಲ್ಲಿ ಹೇಳಿದ್ದಳು. ರಘು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಎರಡು ತಿಂಗಳು ಮಗಳ ಜೊತೆ ಮಾತೇ ಬಿಟ್ಟ. ನನ್ನೆದುರೂ ಬಾಯಿ ಬಿಡಲಿಲ್ಲ. ಸಾಯುವ ಹಿಂದಿನ ದಿನ ಮಳೆಗೆ ರೈಲು ನಿಂತಿತು. ಆಫೀಸಿಗೆ ಹೊರಟಿದ್ದ ಅವಳನ್ನು ಹಿಂದೆ ಕೂರಿಸಿಕೊಂಡು ಕಲ್ಯಾಣದವರೆಗೆ ಬಿಟ್ಟು ಬಂದ. ಆ ದಾರಿಯುದ್ದಕ್ಕೂ ಮಾತಾಡಿದ.

“ಅಪ್ಪ ಪೂರಾ ರಸ್ತಾ ಬೋಲ್ ರಹೇ ಥೇ, ಅಂಕಲ್” ಎಂದಿದ್ದಳು ನಿಶಾ, ಹದಿಮೂರನೇ ದಿನ. “ನಾನು ಹೆಲ್ಮೆಟ್ ಒಳಗೆ ಇಯರ್‌ಫೋನ್ ಹಾಕಿದ್ದೆ. ಗಾನಾ ಸುನ್ ರಹೀ ಥೀ. ಬಸ್, ಹಾಂ ಹಾಂ ಬೋಲ್ತೀ ರಹೀ.”

ಹಾಡು ಕೇಳುತ್ತ ಬರೀ ಹಾಂ ಹಾಂ ಎಂದವಳಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಅಪ್ಪ ಒಪ್ಪಿದನೋ ಇಲ್ಲವೋ ಎಂಬುದು ಆ ಮಾತಿನಲ್ಲಿತ್ತು, ಮಾತು ಕ್ಯಾಮೆರಾದಲ್ಲಿತ್ತು. ಕ್ಯಾಮೆರಾದ ಪೆಟ್ಟಿಗೆಯನ್ನು ರಘು ನೀರು ಹೋಗದಂತೆ ಗಾಡಿಗೇ ಅಂಟು ಹಾಕಿ ಮುಚ್ಚಿದ್ದ. ಫೋನಿನಿಂದ ತೆರೆಯಲು ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲ. ಬದಲಾಪುರದ ಮೆಕ್ಯಾನಿಕ್ ಕೈಮುಗಿದುಬಿಟ್ಟ. ಕೊನೆಗೆ ನನ್ನ ಗಿರಾಕಿಯೊಬ್ಬರು ಕೋಪರಖೈರಣೆಯ ಮಹಾದೇವಿಯ ಹೆಸರು ಹೇಳಿದರು. ಬಾಗಲಕೋಟೆಯ ಕಡೆಯ ಹೆಂಗಸು, ಇಂಥ ಪೆಟ್ಟಿಗೆಗಳನ್ನು ಬಿಚ್ಚುವುದರಲ್ಲಿ ನಿಪುಣೆ. ಫೋನಿನಲ್ಲಿ ಅವಳು ಹೇಳಿದ್ದಿಷ್ಟು: “ಏನೂ ಬಿಚ್ಚಬ್ಯಾಡ್ರಿ ಕಾಕಾ. ಗಾಡಿ ಟೆಂಪೋದಾಗ ಹಾಕ್ಕೊಂಡ ಬರ್ರಿ.”

ನಿಶಾ ಸಾವಿರದ ಎಂಟುನೂರಕ್ಕೆ ಟೆಂಪೋ ಗೊತ್ತು ಮಾಡಿದ್ದಳು. ನಾನು ಬದಲಾಪುರ ತಲುಪುವಾಗ ಅದು ಗೇಟಿನ ಮುಂದೆ ನಿಂತಿತ್ತು. ಡ್ರೈವರು ಹಗ್ಗ ಬಿಚ್ಚುತ್ತಿದ್ದ. ರಘುವನ್ನು ಅಂಥದೇ ಹಗ್ಗದಲ್ಲಿ ಚಟ್ಟಕ್ಕೆ ಕಟ್ಟಿ ಒಯ್ದದ್ದನ್ನು ಕಣ್ಣಾರೆ ಕಂಡಿದ್ದೆ. ಅವನ ಗಾಡಿಯೂ ಹಾಗೇ ಹೋಗುವುದು ಬೇಡವೆನಿಸಿತು. ಡ್ರೈವರಿಗೆ ಮುನ್ನೂರು ಕೊಟ್ಟು ಕಳಿಸಿಬಿಟ್ಟೆ. ನಿಶಾ ಆಗಲೇ ಕೋಪರಖೈರಣೆಗೆಂದು ರೈಲಿಗೆ ಹೊರಟುಹೋಗಿದ್ದಳು. ರಘುವಿನ ಹೆಂಡತಿ ವಾಸಂತಿ ಮಾತ್ರ ಬಾಗಿಲಲ್ಲಿ ನಿಂತು ಕೇಳಿದಳು: “ಅವ್ರು ಟೆಂಪೋದಲ್ಲಿ ತರ್ಲಿಕ್ಕೆ ಹೇಳಿದ್ದಲ್ವಾ ವಾಸಣ್ಣ?”

“ನಂಗೆ ಗಾಡಿ ಬಿಡ್ಲಿಕ್ಕೆ ಬರುದಿಲ್ಲಾಂತ ತಿಳ್ಕೊಂಡಿರ್ಬೇಕು” ಎಂದೆ. ಮಹಾದೇವಿ ನನ್ನನ್ನು ಮುದುಕನೆಂದು ಲೆಕ್ಕ ಹಾಕಿದಳೇನೋ ಎಂಬ ಸಿಟ್ಟೂ ಒಳಗೆ ಇತ್ತು.

ಬ್ಯಾಟರಿಗೆ ಜೀವ ಇದೆಯೇ ಎಂದು ಸೀಟು ಎತ್ತಿ ನೋಡಿದೆ. ಬಿಳಿ ಪಟ್ಟಿಗಳಲ್ಲಿ ರಘುವಿನ ದುಂಡು ಅಕ್ಷರ. ‘ಕಣ್ಣು’ ಎಂದು ಬರೆದ ಫ್ಯೂಸನ್ನು ಬೆರಳಿನಿಂದ ಸವರಿ ಸೀಟು ಮುಚ್ಚಿದೆ. ಕೀಲಿ ತಿರುಗಿಸಿದ ಕೂಡಲೇ ಹ್ಯಾಂಡಲಿನ ಬಳಿ ಕಡಲೆಕಾಳಿನಷ್ಟು ಕೆಂಪು ದೀಪ ಮಿಣುಕತೊಡಗಿತು. ಕ್ಯಾಮೆರಾ ನೋಡುತ್ತಿದೆ ಎಂಬುದಕ್ಕೆ ಗುರುತು ಅದು. ನನಗೆ ಸಮಾಧಾನವಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಗಂಟೆ ಎಂಟಾಗಿತ್ತು.

ಬದಲಾಪುರದಿಂದ ಶಿಳಫಾಟಾ, ಮಹಾಪೆ ದಾರಿಯಾಗಿ ಕೋಪರಖೈರಣೆಗೆ ಸುಮಾರು ಮೂವತ್ತೈದು ಕಿಲೋಮೀಟರು. ನಾನು ಆ ದಾರಿ ಹಿಡಿಯಲಿಲ್ಲ. ಅಂಬರನಾಥ, ಕಲ್ಯಾಣ, ಠಾಣೆ ಸುತ್ತಿ ಹೋಗುವುದು ನಮ್ಮ ಭಾನುವಾರದ ದಾರಿ, ಅರವತ್ತರ ಮೇಲೆ. ಗಾಡಿಗೆ ಒಮ್ಮೆ ಕೊನೆಯ ಸುತ್ತು ಹಾಕಿಸೋಣವೆಂದುಕೊಂಡೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರೆ.

ಅಂಬರನಾಥದಲ್ಲಿ ಶಿವಾಲಯದ ಹೊರಗೆ ಗಾಡಿ ನಿಲ್ಲಿಸಿ ಕೈ ಮುಗಿದೆ. ಹಳೆಯ ಕಪ್ಪು ಕಲ್ಲು ಮಳೆಯಲ್ಲಿ ನೆನೆದು ಇನ್ನಷ್ಟು ಕಪ್ಪಾಗಿತ್ತು. ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆ, ನಲವತ್ತು ರೂಪಾಯಿ. ಸಾಂಬಾರಿಗೆ ಬೆಲ್ಲ ಜಾಸ್ತಿ. ಮುಂದೆ ಉಲ್ಹಾಸನಗರ ದಾಟುವವರೆಗೆ ರಸ್ತೆಯೆಂಬುದು ಹೆಸರಿಗೆ. ಹೊಂಡದಿಂದ ಹೊಂಡಕ್ಕೆ ಇಳಿದು ಹತ್ತುವ ಕೆಲಸ. ಮೂರು ಕಡೆ ಗಾಡಿ ದಡಕ್ಕೆಂದಿತು, ನಾನು ಮೂರು ಸಲವೂ ತುಳುವಿನಲ್ಲಿ ಬೈದೆ.

ಹಾಗೆ ಬೈಯುತ್ತಲೇ ಮಾತಿನ ಚಟ ಹತ್ತಿತು. ಕೆಂಪು ದೀಪದ ಕಡೆ ನೋಡಿ, “ನೋಡು ಮಾರಾಯ, ಹಗ್ಗದಿಂದ ಬಿಡಿಸ್ಕೊಂಡು ಬಂದೆ ನಿನ್ನನ್ನು” ಎಂದೆ. ಕಲ್ಯಾಣದ ಪತ್ರಿಪೂಲ್ ಸೇತುವೆಯ ಮೇಲೆ ಲಾರಿಗಳ ನಡುವೆ ಮುಕ್ಕಾಲು ಗಂಟೆ ನಿಂತಾಗ ಹೋಟೆಲಿನ ಸುದ್ದಿಯೆಲ್ಲ ಹೇಳಿದೆ. ದುರ್ಗಾಡಿಯ ಖಾಡಿಯ, ಅಂದರೆ ಹಿನ್ನೀರಿನ, ದಂಡೆಗೆ ಬಂದಾಗ ನನ್ನ ಫೋನಿನ ಚಾರ್ಜು ಮುಗಿಯುತ್ತ ಬಂದಿತ್ತು. ರಘುವಿನ ಚಾರ್ಜರಿಗೆ ಸಿಕ್ಕಿಸಿ, ಕೀಲಿಯನ್ನು ಹಾಗೇ ಇಟ್ಟು, ಅರ್ಧ ಗಂಟೆ ಕಟ್ಟೆಯ ಮೇಲೆ ಕೂತೆ. ನೀರು ಮಣ್ಣಿನ ಬಣ್ಣಕ್ಕಿತ್ತು. ಚೌತಿಯ ಗಣಪತಿಗಳ ಹಲಗೆ, ಹುಲ್ಲು ದಂಡೆಗೆ ಬಂದು ಬಿದ್ದಿದ್ದವು. ಇಲ್ಲಿಯೇ ರಘು ಪ್ರತಿ ಸಲ ಒಂದು ಬೀಡಿ ಸೇದುತ್ತಿದ್ದ. ವಾಸಂತಿಗೆ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಳ್ಳುತ್ತಿದ್ದ. ಅದನ್ನೂ ದೀಪಕ್ಕೆ ನೆನಪಿಸಿದೆ. ಕಣ್ಣಲ್ಲಿ ನೀರು ಬಂತು.

ಭಿವಂಡಿ ಬೈಪಾಸಿನಲ್ಲಿ ಕಂಟೇನರೊಂದು ಅಡ್ಡ ಬಿದ್ದು ಒಂದೂವರೆ ಗಂಟೆ ಹೋಯಿತು. ಎಂಜಿನ್ ಬಿಸಿಯಾದಾಗ ಆರಿಸಿ ಕೀಲಿ ಮಾತ್ರ ಇಟ್ಟುಕೊಂಡೆ, ಫೋನಿನ ಮೇಲೆ ದಾರಿಯ ನಕ್ಷೆ ಬೇಕಿತ್ತಲ್ಲ. ಠಾಣೆಯ ಮಾಜಿವಾಡಾದಲ್ಲಿ ಮತ್ತೆ ಮಳೆ. ಕಳವಾ ಸೇತುವೆ, ವಿಟಾವಾದ ಕೆಸರು, ಆಮೇಲೆ ಠಾಣೆ–ಬೇಲಾಪುರ ರಸ್ತೆ. ಕೋಪರಖೈರಣೆ ಮುಟ್ಟಿದಾಗ ಒಂದೂವರೆ. ಹೊರಟು ಐದೂವರೆ ಗಂಟೆ.

ಮಹಾದೇವಿಯ ಅಂಗಡಿ ಸೆಕ್ಟರಿನ ಒಳಗೆ, ಒಂದು ಹಿಟ್ಟಿನ ಗಿರಣಿಯ ಪಕ್ಕದಲ್ಲಿ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಹಣೆಯ ಮೇಲೆ ವಿಭೂತಿ, ಕಣ್ಣಿಗೆ ಭೂತಗನ್ನಡಿ. ಒಳಗೆ ಸ್ಟೂಲಿನ ಮೇಲೆ ನಿಶಾ ಹನ್ನೊಂದರಿಂದ ಕಾಯುತ್ತಿದ್ದಳು.

“ಬರ್ರಿ ಕಾಕಾ. ಟೆಂಪೋ ಎಲ್ಲಿ ನಿಲ್ಸೀರಿ?” ಎಂದಳು ಮಹಾದೇವಿ.

“ಟೆಂಪೋ ಎಂತಕ್ಕಮ್ಮ? ಓಡಿಸ್ಕೊಂಡೇ ಬಂದೆ.”

ಅವಳ ಕೈ ನಿಂತಿತು. “ಕ್ಯಾಮೆರಾದ ಫ್ಯೂಜ್ ತಗದ ಬಂದ್ರೋ, ಹಂಗ ಬಂದ್ರೋ?”

ನಾನು ಉತ್ತರ ಹೇಳುವ ಮೊದಲೇ ಅವಳಿಗೆ ತಿಳಿಯಿತು. ಕೂತು ಅಂಟು ಕರಗಿಸಿ, ಪೆಟ್ಟಿಗೆ ಬಿಚ್ಚಿ, ಉಗುರಿನಷ್ಟು ಕಾರ್ಡು ಹೊರತೆಗೆದು ಕಂಪ್ಯೂಟರಿಗೆ ಹಾಕಿದಳು. ಪರದೆಯ ಮೇಲೆ ಬಂದದ್ದು ಪತ್ರಿಪೂಲಿನ ಲಾರಿಗಳು. ಆಮೇಲೆ ದುರ್ಗಾಡಿಯ ಖಾಡಿ. ಆಮೇಲೆ ನನ್ನ ದನಿ, “ವಾಸಂತಿಗೆ ಹೇಳ್ಲಿಲ್ಲ ಮಾರಾಯ, ಇವತ್ತಿಗೂ ಹೇಳ್ಲಿಲ್ಲ.” ಆಮೇಲೆ ಬೈಪಾಸು. ಕಾರ್ಡಿನ ತುಂಬ ನಾನೇ ಇದ್ದೆ.

“ಇದರಾಗ ನಾಲ್ಕ ತಾಸಿನ ಚಿತ್ರ ಅಷ್ಟ ಹಿಡೀತೈತ್ರಿ” ಎಂದಳು ಮಹಾದೇವಿ, ನನ್ನ ಮುಖ ನೋಡದೆ. “ತುಂಬಿತಂದ್ರ ಹಳೇದರ ಮ್ಯಾಲೇ ಹೊಸಾದ್ ಬರ್ಕೋತ ಹೊಕ್ಕೈತಿ. ಅದಕ್ಕ ನಾ ಟೆಂಪೋ ಅಂದಿದ್ದು. ಯಾಕಂತ ಬಿಡಿಸಿ ಹೇಳಬೇಕಾಗಿತ್ತು, ನಂದೂ ತಪ್ಪೈತಿ.”

“ಮತಲಬ್?” ಎಂದಳು ನಿಶಾ. “ಅಪ್ಪಾ ಕಾ ಡಿಲೀಟ್ ಹೋ ಗಯಾ?”

ಹೇಳಬೇಕಾದವನು ನಾನು. “ನಾನು ಅಳಿಸಿಬಿಟ್ಟೆ ಮಗಾ” ಎಂದೆ. “ಸುತ್ತು ಹಾಕಿ ಬಂದೆ. ನೆಟ್ಟಗೆ ಬಂದಿದ್ರೆ ಉಳೀತಿತ್ತು.” ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಬುದ್ಧಿ ಯಾವ ಕೆಲಸಕ್ಕೂ ಬರುವುದಿಲ್ಲ. ಎರಡು ಬೆರಳಿನಲ್ಲಿ ಕಿತ್ತು ಜೇಬಿಗೆ ಹಾಕಬಹುದಾಗಿದ್ದ ಫ್ಯೂಸನ್ನು ನಾನು ಬೆಳಿಗ್ಗೆ ಮುಟ್ಟಿಯೇ ಬಂದಿದ್ದೆ.

ಅರ್ಧ ತಾಸು ಮಹಾದೇವಿ ಏನೇನೋ ಪ್ರಯತ್ನ ಮಾಡಿದಳು. ಬರೀ ಅಳಿಸಿದ್ದಾದರೆ ಎತ್ತಬಹುದಂತೆ, ಮೇಲೆ ಬರೆದದ್ದಾದರೆ ಆಗುವುದಿಲ್ಲವಂತೆ. ಕೊನೆಗೆ ಬೇರೊಂದು ಕಡೆ ತೆರೆದು, “ಇಲ್ಲಿ ನೋಡ್ರಿ” ಎಂದಳು. “ಗಾಡಿ ದಡಕ್ ಅಂದ್ರ ಎಲ್ಯಾರ ಡಿಕ್ಕಿ ಹೊಡೀತು ಅಂತ ತಿಳ್ಕೊಂಡು ಆ ಒಂದ ನಿಮಿಷದ್ದ ಬ್ಯಾರೆ ಕಟ್ಟಿ ಇಡತೈತಿ. ಅದನ್ನ ಅಳ್ಸೂದಿಲ್ಲ.”

ಅಂಥ ನಾಲ್ಕು ತುಣುಕುಗಳಿದ್ದವು. ಮೂರು ನನ್ನವು, ಮೂರರಲ್ಲೂ ನನ್ನ ಬೈಗುಳ. ನಾಲ್ಕನೆಯದು ರಘು ಮಗಳನ್ನು ಕಲ್ಯಾಣಕ್ಕೆ ಬಿಟ್ಟ ದಿನದ್ದು.

ಉಲ್ಹಾಸನಗರ ದಾಟಿದ ಮೇಲಿನ ರಸ್ತೆ. ಗಾಜಿನ ಮೇಲೆ ಮಳೆ. ಎದುರು ಒಂದು ರಿಕ್ಷಾದ ಬೆನ್ನು. ದಡಕ್ಕೆಂಬ ಸದ್ದು, ಪರದೆ ಅಲುಗಿತು. “ಹೊಂಡ ಉಂಟು, ಗಟ್ಟಿ ಹಿಡ್ಕೊ” ಎಂದ ರಘು. ತಿಂಗಳು ಕಳೆದ ಮೇಲೆ ಆ ದನಿ ಕೇಳಿ ನಾನು ಪರದೆಯ ಹತ್ತಿರಕ್ಕೆ ಬಾಗಿದೆ. ಗಾಡಿ ನಿಧಾನವಾಯಿತು. ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಮತ್ತೆ ರಘು, ಮೆತ್ತಗೆ:

“ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ನಿಂಗೆ ಕೇಳಿಸಿತಾ ಮಗಾ?”

ಹಿಂದಿನಿಂದ ನಿಶಾಳ ದನಿ: “ಹಾಂ, ಹಾಂ.”

“ಹಾಗಾದ್ರೆ ಸರಿ. ನಂಗೆ ಇನ್ನು ಹೇಳ್ಲಿಕ್ಕೆ ಎಂತದೂ ಇಲ್ಲ.”

ರಿಕ್ಷಾ ಮುಂದೆ ಸರಿಯಿತು. ತುಣುಕು ಮುಗಿಯಿತು.

ನಿಶಾ ಅದನ್ನು ಮೂರು ಸಲ ನೋಡಿದಳು. ಮಹಾದೇವಿ ತನ್ನ ಸೆರಗಿನಿಂದ ಭೂತಗನ್ನಡಿ ಒರೆಸುತ್ತ ಕೂತಳು, ಕೂಲಿ ತೆಗೆದುಕೊಳ್ಳಲಿಲ್ಲ. ನಿಶಾ ಬೈದಿದ್ದರೆ ಚೆನ್ನಾಗಿತ್ತು. ಎದ್ದು ನಿಂತು, “ಹೋಗ್ಲಿ ಬಿಡಿ ಅಂಕಲ್” ಎಂದಳು, ಎಂದೂ ಇಲ್ಲದ ಹಾಗೆ ಪೂರಾ ಕನ್ನಡದಲ್ಲಿ. ಗಾಡಿಯಲ್ಲಿ ಮನೆಗೆ ಬಿಡುತ್ತೇನೆಂದೆ. ಬೇಡವೆಂದು ತಲೆಯಾಡಿಸಿದಳು.

ಸ್ಟೇಷನ್ನಿನವರೆಗೆ ಜೊತೆಯಲ್ಲಿ ನಡೆದೆ. ಠಾಣೆಗೆ ಹೋಗುವ ಗಾಡಿ ಹತ್ತು ನಿಮಿಷ ತಡವಿತ್ತು. ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ಅವಳು ಚೀಲದಿಂದ ಇಯರ್‌ಫೋನ್ ತೆಗೆದು ಎರಡೂ ಕಿವಿಗೆ ಹಾಕಿಕೊಂಡಳು. ಫೋನಿನ ಪರದೆಯಲ್ಲಿ ಮಳೆಯೂ ರಿಕ್ಷಾದ ಬೆನ್ನೂ ಕಂಡವು. ಒಂದು ನಿಮಿಷ ಮುಗಿದಾಗ ಮತ್ತೆ ಮೊದಲಿನಿಂದ ಹಾಕಿದಳು. ರೈಲು ಬಂದಾಗ ಅವಳು ಹಾಗೇ ಹತ್ತಿದಳು. ನಾನು ಹೇಳಿದ ಮಾತು ಅವಳಿಗೆ ಕೇಳಿಸಿರಲಾರದು.

ಅಂಗಡಿಗೆ ಮರಳಿ ಬಂದು ಸೀಟು ಎತ್ತಿ ‘ಕಣ್ಣು’ ಎಂಬ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಕೀಲಿ ತಿರುಗಿಸಿದೆ. ಕೆಂಪು ದೀಪ ಹತ್ತಲಿಲ್ಲ. ಎಲ್ಲಿಯೂ ನಿಲ್ಲದೆ ಮಹಾಪೆ, ಶಿಳಫಾಟಾ ದಾರಿಯಲ್ಲಿ ಹೊರಟೆ. ಮಳೆ ಬಿಟ್ಟಿತ್ತು, ರಸ್ತೆ ಖಾಲಿಯಿತ್ತು. ವಾಸಂತಿ ಗೇಟಿನ ಬಳಿಯೇ ನಿಂತಿದ್ದಳು. ನೇರ ದಾರಿಯಲ್ಲಿ ಬದಲಾಪುರ ಮುಟ್ಟಲು ನನಗೆ ಹಿಡಿದದ್ದು ಒಂದು ಗಂಟೆ ಇಪ್ಪತ್ತು ನಿಮಿಷ.